ಚಡ್ಡಿಯ ಮೇಲೆ ದೇವೀರಪ್ಪ

ಚಡ್ಡಿಯ ಒಂದು ಕಾಲು ಷಣ್ಮುಖಪ್ಪನ ಕೈಯಲ್ಲಿತ್ತು, ಇನ್ನೊಂದು ಕಾಲು ಅವನ ತಾಯಿ ಕಾಶಮ್ಮನ ಕೈಯಲ್ಲಿ.

"ಬಿಡವ್ವಾ, ಹರಿದೋಗ್ತದೆ!"

"ಹರೀಲಿ! ಹರಿದ್ರೆ ಒಲೆಗಾಕ್ತೀನಿ. ಮೊದ್ಲು ನೀನ್ ಬಿಡೋ!"

ಐದು ವರ್ಷದ ಮಗುವಿಗೆಂದು ಹೊಲಿಸಿದ ನೀಲಿ ಚಡ್ಡಿ ನಡುಮನೆಯಲ್ಲಿ ನೋಡನೋಡುತ್ತಲೇ ಪೈಲ್ವಾನನ ಅಳತೆಗೆ ಬಂತು. ಸೊಂಟದ ಪಟ್ಟಿಯ ಒಳಬದಿಯಲ್ಲಿ ಕೆಂಪು ದಾರದಲ್ಲಿ 'ದೇವೀರ' ಎಂದು ಕಸೂತಿಯಾಗಿತ್ತು. ಬಾಕಿಯಿದ್ದದ್ದು ಒಂದೇ ಅಕ್ಷರ. ಆ ಅಕ್ಷರವನ್ನು ಹೊಲಿಯುತ್ತಿದ್ದ ಸೊಸೆ ತೀರ್ಥಮ್ಮ ಸೂಜಿ ಬಿಡಲಾರದೆ, ಗಂಡನೂ ಅತ್ತೆಯೂ ಎಳೆದ ಕಡೆಗೆಲ್ಲ ದಾರದ ಹಿಂದೆ ತೆವಳುತ್ತಿದ್ದಳು.

"ನನ್ ಯಜಮಾನ್ರ ಹೆಸ್ರು ಚಡ್ಡಿ ಮೇಲೇನೋ?" ಕಾಶಮ್ಮ ಇನ್ನೂ ಜೋರಾಗಿ ಎಳೆದಳು. "ಊರಿಗೆ ದೊಡ್ಡ ಮನ್ಷ ಅನ್ನಿಸ್ಕೊಂಡಿದ್ದೋರ ಹೆಸ್ರು ಚಡ್ಡಿ ಮೇಲೆ?"

"ಒಳಗಡೆ ಅವ್ವಾ. ಯಾರ್ಗೂ ಕಾಣಲ್ಲ."

"ಕಾಣಲ್ಲ ಸರಿ. ಎಲ್ ತಗುಲ್ತದೆ ಅಂತ ಯೋಚ್ನೆ ಮಾಡಿದ್ಯೇನೋ ಪಾಪಿ?"

ಷಣ್ಮುಖಪ್ಪ ಅದನ್ನು ಯೋಚಿಸಿರಲಿಲ್ಲ. ಈಗ ಯೋಚಿಸಿ ಕೈ ಸಡಿಲಿಸಿದ. ಕಾಶಮ್ಮ ಚಡ್ಡಿಯ ಸಮೇತ ಹಿಂದಕ್ಕೆ ಹೋಗಿ ರಾಗಿ ಚೀಲದ ಮೇಲೆ ಕೂತಳು.

ಅಜ್ಜಂಪುರದ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಷಣ್ಮುಖಪ್ಪನಿಗೆ ಜೀವನದಲ್ಲಿ ಇದ್ದದ್ದು ಒಂದೇ ಹಟ. ತನ್ನ ಮಗ ಊರಿನ ಹೊಸ ಇಂಗ್ಲಿಷ್ ಸ್ಕೂಲಿಗೆ ಹೋಗಬೇಕು, ಯಾರ ಮುಂದೆಯೂ ತನ್ನಂತೆ ತಲೆ ಕೆರೆದುಕೊಂಡು ನಿಲ್ಲಬಾರದು. ಅದಕ್ಕಾಗಿ ಮಾರ್ಚ್ ತಿಂಗಳಲ್ಲೇ ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಂತು ಸೀಟು ಹಿಡಿದಿದ್ದ. ಮೂವತ್ತು ಸೀಟು, ಸಿಗದೆ ಕಾದು ಕೂತವರು ಹನ್ನೊಂದು ಜನ. ಸ್ಕೂಲಿನವರು ಹೇಳಿದ ಬಣ್ಣದ ಬಟ್ಟೆ ಅಜ್ಜಂಪುರದಲ್ಲಿ ಸಿಗಲಿಲ್ಲ, ತರೀಕೆರೆಯಲ್ಲಿ ಸಿಕ್ಕಿದ್ದು ಸ್ವಲ್ಪ ತಿಳಿಯಾಯಿತು, ಕೊನೆಗೆ ಕಡೂರಿಗೆ ಹೋಗಿ ತಂದಿದ್ದ. ಎರಡು ಬಿಳಿ ಅಂಗಿ, ಎರಡು ನೀಲಿ ಚಡ್ಡಿ. ನಿನ್ನೆ ಸಂಜೆ ಸ್ಕೂಲಿನಿಂದ ಅಚ್ಚು ಹಾಕಿಸಿದ ಚೀಟಿ ಬಂತು: ಪ್ರತಿಯೊಂದು ಉಡುಪಿನ ಮೇಲೂ ವಿದ್ಯಾರ್ಥಿಯ ಹೆಸರು ದಾರದಲ್ಲಿ ಹೊಲಿದಿರಬೇಕು, ಇಂದು ಸಂಜೆ ಐದರೊಳಗೆ ತಂದು ತೋರಿಸಬೇಕು, ತೋರಿಸದವರ ಸೀಟು ಮುಂದಿನವರಿಗೆ.

ವಿದ್ಯಾರ್ಥಿಯ ಹೆಸರು ದೇವೀರಪ್ಪ. ಅಜ್ಜ ತೀರಿಕೊಂಡ ವರ್ಷವೇ ಹುಟ್ಟಿದ ಗಂಡು ಮಗುವಿಗೆ ಬೇರೆ ಹೆಸರಿಡುವ ಪ್ರಶ್ನೆಯೇ ಇರಲಿಲ್ಲ. ಇಟ್ಟದ್ದೇನೋ ಇಟ್ಟರು, ಆ ಹೆಸರನ್ನು ಮನೆಯಲ್ಲಿ ಯಾರೂ ಕರೆಯಲಿಲ್ಲ. ಗಂಡನ ಹೆಸರು ಕಾಶಮ್ಮನ ಬಾಯಲ್ಲಿ ಬರಬಾರದು, ಮಾವನ ಹೆಸರು ತೀರ್ಥಮ್ಮನ ಬಾಯಲ್ಲಿ ಬರಬಾರದು. "ಯಜಮಾನ್ರು ಎದ್ರಾ?" ಎಂದು ಅಜ್ಜಿ ಕೇಳುತ್ತಿದ್ದಳು. "ಎದ್ರು. ಹಾಸಿಗೇಲೇ ಉಚ್ಚೆ ಹೊಯ್ಕೊಂಡವ್ರೆ," ಎಂದು ಸೊಸೆ ಹೇಳುತ್ತಿದ್ದಳು. ಹೊಸಬರು ಯಾರಾದರೂ ಜಗುಲಿಯಲ್ಲಿ ಕೂತು ಇದನ್ನು ಕೇಳಿಸಿಕೊಂಡರೆ ಒಳಗೆ ಯಾರೋ ವಯಸ್ಸಾದವರು ಹಾಸಿಗೆ ಹಿಡಿದಿದ್ದಾರೆಂದು ಮರುಗಿ, ಚಾಪೆ ಬಿಟ್ಟು ಎದ್ದು ಹೋಗುತ್ತಿದ್ದರು.

ಬಾಯಲ್ಲಿ ಆಡಬಾರದೆಂದು ಇತ್ತೇ ಹೊರತು ದಾರದಲ್ಲಿ ಹೊಲಿಯಬಾರದೆಂದು ಯಾರೂ ಹೇಳಿರಲಿಲ್ಲ. ಹಾಗಾಗಿ ತೀರ್ಥಮ್ಮ ನಿಶ್ಚಿಂತೆಯಿಂದ ಸೂಜಿ ಹಿಡಿದಿದ್ದಳು. ಅಂಗಿ ಎರಡೂ ಮುಗಿದಿದ್ದವು. ಚಡ್ಡಿಯ ಹತ್ತಿರ ಬಂದಾಗ ಕಾಶಮ್ಮ ನೋಡಿದಳು.

ರಾಗಿ ಚೀಲದ ಮೇಲೆ ಕೂತು ಅವಳು ಇನ್ನೂ ಉಸಿರು ತೆಗೆದುಕೊಳ್ಳುತ್ತಿರುವಾಗಲೇ ಅಗಸರ ತಿಪ್ಪಮ್ಮ ವಾರದ ಬಟ್ಟೆಗೆಂದು ಬಂದಳು. ಹಿಂದೆಯೇ ಪಕ್ಕದ ಮನೆಯ ಗುರುಶಾಂತಮ್ಮ, ಮಜ್ಜಿಗೆ ಹೆಪ್ಪಿಗೆ ಎಂದು ಲೋಟ ಹಿಡಿದು ಬಂದಳು. ಅವಳ ಮನೆಯಲ್ಲಿ ಎರಡು ಎಮ್ಮೆ ಹಾಲು ಕೊಡುತ್ತಿದ್ದವು. ಆದರೂ ಜಗಳ ಕೇಳಿಸಿದಾಗಲೆಲ್ಲ ಹೆಪ್ಪು ಮುಗಿದಿರುತ್ತಿತ್ತು.

"ನೀನೇ ಹೇಳೇ ತಿಪ್ಪಿ," ಎಂದಳು ಕಾಶಮ್ಮ ಚಡ್ಡಿಯನ್ನು ಎತ್ತಿ ಹಿಡಿದು. "ಇದರ ಮೇಲೆ ಅವ್ರ ಹೆಸ್ರು ಬರ್ದವ್ರೆ. ಇದನ್ನ ನೀನು ಕಲ್ಲಿಗೆ ಬಡೀತೀಯೇನೇ?"

ತಿಪ್ಪಮ್ಮ ಕೆನ್ನೆ ಬಡಿದುಕೊಂಡಳು. "ಬಿಡ್ತು ಅನ್ನಿ ಅವ್ವಾರೇ! ನನ್ ಮದ್ವೆಗೆ ಸೀರೆ ಕೊಡ್ಸಿದ್ ಪುಣ್ಯಾತ್ಮ್ರು. ಅವ್ರ ಹೆಸ್ರನ್ನ ಎತ್ತಿ ಎತ್ತಿ ಬಡಿಯಾಕೆ ನನ್ ಕೈ ಬತ್ತದಾ? ಬ್ಯಾರೆ ಯಾರನ್ನಾರ ನೋಡ್ಕಳಿ."

"ಅಂಗಿ ಮೇಲೂ ಅದೇ ಹೆಸ್ರು ಅದೆಯಲ್ಲೇ," ಎಂದು ಗುರುಶಾಂತಮ್ಮ ಮಡಿಸಿಟ್ಟಿದ್ದ ಅಂಗಿಯನ್ನು ಕಾಲಿನ ಬೆರಳಲ್ಲೇ ಸರಿಸಿ ತೋರಿಸಿದಳು.

"ಅಂಗೀನೂ ಬಡಿಯಲ್ಲ," ಎಂದಳು ತಿಪ್ಪಮ್ಮ. ಮೊದಲು ಒಂದು ಬಟ್ಟೆಗಿದ್ದ ತೊಂದರೆ ನಾಲ್ಕು ಬಟ್ಟೆಗೆ ಆಯಿತು.

ಷಣ್ಮುಖಪ್ಪ ಗೋಡೆ ಗಡಿಯಾರ ನೋಡಿದ. ಹನ್ನೊಂದೂವರೆ. "ಇನಿಶಿಯಲ್ ಹಾಕ್ಸಣ ಅವ್ವಾ. ಬರೀ ಎರಡಕ್ಷರ."

"ಖಾತೆ ಪತ್ರದಲ್ಲೆಲ್ಲ ಅವ್ರು ಹಾಕ್ತಿದ್ದಿದ್ದು ಅದೇ ಎರಡಕ್ಷರ ಕಣೋ! ಅವ್ರ ರುಜು ತಗೊಂಡೋಗಿ ಚಡ್ಡಿಗಾಕ್ತೀಯಾ?"

"ಅಲ್ಲಕ್ಕಾ," ಗುರುಶಾಂತಮ್ಮ ಲೋಟ ಕೆಳಗಿಟ್ಟು ಕೂತೇಬಿಟ್ಟಳು. "ಹುಡುಗ್ನ ಹೆಸ್ರೇ ಯಾಕ್ ಬೇಕು? ಅಪ್ಪನ ಹೆಸ್ರು ಹಾಕ್ಸಿ. ಷಣ್ಮುಖ ಅಂತ."

"ಅದು ಬೇಕಾದ್ರೆ ಹಾಕ್ಕಳ್ಳಿ," ಕಾಶಮ್ಮ ತಕ್ಷಣ ಒಪ್ಪಿದಳು. "ದಿನಾ ಬಡೀಲಿ."

"ಅದೂ ದೇವ್ರ ಹೆಸ್ರಲ್ವಾ ಅವ್ವಾ? ಆರು ಮುಖದ ದೇವ್ರು!" ಷಣ್ಮುಖಪ್ಪನಿಗೆ ನಿಜಕ್ಕೂ ಸಿಟ್ಟು ಬಂತು.

"ಆರು ಮುಖ ಇದ್ದು ಏನ್ ಬಂತು? ಒಂದ್ರಲ್ಲೂ ಬಾಯಿಲ್ಲ. ಬಾಯಿದ್ದಿದ್ರೆ ಆ ಸ್ಕೂಲ್ ಮೇಡಮ್ಮಂಗೆ ಅಲ್ಲೇ ಹೇಳ್ಬತ್ತಿದ್ದೆ."

ಹೇಳಿ ಬರುತ್ತೇನೆಂದು ಷಣ್ಮುಖಪ್ಪ ಚಪ್ಪಲಿ ಮೆಟ್ಟಿದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡ. ಇದು ಯಾವ ದೇಶದ ಪದ್ಧತಿ? ನಮ್ಮ ಹಿರಿಯರಿಗೆ ಮರ್ಯಾದೆ ಇಲ್ಲವೇ? ಗುರುತು ಹಾಕಲು ಇವು ಸಂತೆಗೆ ಹೊಡೆದ ಕುರಿಗಳೇ? ಎದುರು ಬಂದ ಸೈಕಲ್ಲಿನವನೊಬ್ಬ ತನ್ನನ್ನೇ ಬೈಯುತ್ತಿದ್ದಾನೆಂದು ಇಳಿದು ನಿಂತ. ಸ್ಕೂಲಿನ ಗೇಟಿನವರೆಗೆ ಮಾತು ಬೆಂಕಿಯಂತಿತ್ತು. ಹೆಡ್‌ಮಿಸ್ಟ್ರೆಸ್ ಸುಲೋಚನಮ್ಮ ಕನ್ನಡಕದ ಮೇಲಿನಿಂದ ನೋಡಿದಾಗ ಅವನ ಕೈ ತಾನಾಗಿಯೇ ತಲೆ ಕೆರೆಯತೊಡಗಿತು.

"ಮೇಡಂ, ಹೆಸರು… ಚಡ್ಡಿ ಒಂದು ಬಿಟ್ಟು… ಅಂಗಿನೂ ಬಿಟ್ಟು…"

"ಇನ್ನೇನು, ಹಣೆ ಮೇಲೆ ಬರೀಬೇಕೇ?"

ಷಣ್ಮುಖಪ್ಪ ತಾಯಿಯ ಮಾತನ್ನೆಲ್ಲ ಹೇಳಿದ. ಸುಲೋಚನಮ್ಮ ಪೂರ್ತಿ ಕೇಳಿಸಿಕೊಂಡರು. ನಂತರ ಪೆನ್ನು ಕೆಳಗಿಟ್ಟರು.

"ನೋಡ್ರೀ, ಹೋದ ವರ್ಷ ಹೆಸರಿರಲಿಲ್ಲ. ಇಪ್ಪತ್ತೆಂಟು ಮಕ್ಕಳು, ಎಲ್ಲರದೂ ಒಂದೇ ಚಡ್ಡಿ. ದಿನಕ್ಕೆ ಆರು ಜನ ಒದ್ದೆ ಮಾಡ್ಕೋತಾರೆ. ಯಾರದು ಯಾರಿಗೆ ಹಾಕಿ ಕಳಿಸಿದೆವೋ ದೇವರಿಗೇ ಗೊತ್ತು. ಇಬ್ಬರು ತಾಯಂದಿರು ಇದೇ ಕೋಣೆಯಲ್ಲಿ, ಇದೇ ಮೇಜಿನ ಮೇಲೆ ಒಂದೇ ಚಡ್ಡಿಯನ್ನ ಎಳೆದಾಡಿ ನನ್ನ ಸೀರೆ ಮೇಲೆ ಇಂಕಿನ ಬಾಟಲು ಚೆಲ್ಲಿದರು. ಆ ಸೀರೆ ಇನ್ನೂ ನನ್ನ ಹತ್ತಿರ ಇದೆ. ನೀಲಿ ಹೋಗಿಲ್ಲ."

"ನನ್ನ ಹೆಸರು ಹಾಕಿದ್ರೆ ಆಗಲ್ವಾ ಮೇಡಂ?"

"ಚಡ್ಡಿ ಹಾಕ್ಕೊಳ್ಳೋದು ನೀವಾ, ನಿಮ್ಮ ಮಗನಾ?"

ಷಣ್ಮುಖಪ್ಪನ ಕೈ ಮತ್ತೆ ತಲೆಗೆ ಹೋಯಿತು.

"ರಿಜಿಸ್ಟರಿನಲ್ಲಿ ಏನು ಹೆಸರಿದೆಯೋ ಅದು ಬಟ್ಟೆ ಮೇಲಿರಬೇಕು. ಐದು ಗಂಟೆ ಬಸ್ಸಿಗೆ ರಿಜಿಸ್ಟರು ತರೀಕೆರೆ ಆಫೀಸಿಗೆ ಹೋಗುತ್ತೆ. ಆಮೇಲೆ ಒಂದು ಚುಕ್ಕೆ ಬದಲಾಯಿಸೋದಕ್ಕೂ ನನ್ನ ಕೈಲಾಗಲ್ಲ."

ಗೇಟು ದಾಟುವಾಗ ಷಣ್ಮುಖಪ್ಪನಿಗೆ ಹೊಳೆಯಿತು. ಬಟ್ಟೆಯ ಹೆಸರು ಬದಲಾಗುವುದಿಲ್ಲವಾದರೆ ರಿಜಿಸ್ಟರಿನ ಹೆಸರು ಬದಲಾಗಬಹುದಲ್ಲ! ಐದರವರೆಗೆ ಹೊತ್ತಿದೆ. ಹೊಳೆದದ್ದೇ ತಡ, ಇಷ್ಟು ಸುಲಭದ ಉಪಾಯ ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ರೇಗಿಕೊಂಡ.

ಮನೆಗೆ ಬಂದಾಗ ಕಾಶಮ್ಮ ಊಟ ಬಿಟ್ಟು ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಜಗುಲಿಯಲ್ಲಿ ಗುರುಶಾಂತಮ್ಮನ ಜೊತೆಗೆ ಎದುರು ಮನೆಯ ಗಿರಿಯಪ್ಪನೂ ಸೇರಿದ್ದ. ಶಿವನಿ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಬಾವುಟ ಹಿಡಿದು ನಿವೃತ್ತನಾದ ಮೇಲೆ ಬೀದಿಯಲ್ಲಿ ಹೋಗಿ ಬರುವ ಎಲ್ಲದಕ್ಕೂ ಅವನೇ ಕೆಂಪು ಹಸಿರು ತೋರಿಸುತ್ತಿದ್ದ.

"ಒಳ್ಳೇ ಯೋಚ್ನೆ ಕಣಪ್ಪಾ ಷಣ್ಮುಖ," ಎಂದ, ಷಣ್ಮುಖಪ್ಪನ ಉಪಾಯ ಕೇಳಿ. "ಯಾರ್ಗೂ ತಗುಲ್ದೇ ಇರೋ ಹೆಸ್ರು ಇಟ್ಬಿಡು."

"ಬಸವರಾಜ ಅಂತ ಇಡ್ಲಾ?"

"ಬಸವಣ್ಣನ್ನ ಕಲ್ಲಿಗೆ ಬಡಿಸ್ತೀಯಾ?" ಎಂದಳು ಗುರುಶಾಂತಮ್ಮ.

"ಸಿದ್ದಪ್ಪ?"

"ನಮ್ ಸ್ವಾಮಿಗಳ ಪೂರ್ವಾಶ್ರಮದ ಹೆಸ್ರು!"

"ಚಂದ್ರಶೇಖರ?"

"ನನ್ ಅಳಿಯ," ಎಂದ ಗಿರಿಯಪ್ಪ. ಸ್ವಲ್ಪ ಯೋಚಿಸಿ, "ಬಡಿಸಬೋದು ಅನ್ಸುತ್ತೆ. ಆದ್ರೆ ಮಗಳು ಬೇಜಾರ್ ಮಾಡ್ಕೋತಾಳೆ," ಎಂದ.

"ರಾಜ ಅಂತ?"

"ನಮ್ ಎತ್ತಿನ ಹೆಸ್ರು ರಾಜ. ನಾನು ಬಾರಕೋಲು ಎತ್ತಿದಾಗೆಲ್ಲ ನಿನ್ ಮಗ ಬೆನ್ನು ಮುಟ್ಕಂಡಾನು," ಎಂದ ಗಿರಿಯಪ್ಪ.

ಹೀಗೆ ಇಪ್ಪತ್ತು ಹೆಸರು ಬಂದವು, ಇಪ್ಪತ್ತೂ ಬಿದ್ದವು. ನೂರಾರು ವರ್ಷಗಳಿಂದ ಈ ಜನ ದೇವರನ್ನೂ ಗುರುಗಳನ್ನೂ ಅಜ್ಜಂದಿರನ್ನೂ ಬಿಟ್ಟು ಬೇರೆ ಯಾರ ಹೆಸರನ್ನೂ ಇಟ್ಟಿಲ್ಲವೆಂದು ಷಣ್ಮುಖಪ್ಪನಿಗೆ ಮೊದಲ ಬಾರಿಗೆ ಅರಿವಾಯಿತು. ಇಡೀ ತಾಲ್ಲೂಕಿನಲ್ಲಿ ಕಲ್ಲಿಗೆ ಬಡಿಯಬಹುದಾದ ಒಂದು ಹೆಸರಿಲ್ಲವೇ?

"ಪ್ರಮೋದ," ಎಂದಿತು ಬಾಗಿಲ ಸಂದಿ.

ಎಲ್ಲರೂ ತಿರುಗಿದರು. ತೀರ್ಥಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. "ವಾರಪತ್ರಿಕೆ ಕತೇಲಿ ಓದಿದ್ದೆ. ಐದ್ ವರ್ಷದ ಹಿಂದೆ."

"ಹಂಗಂದ್ರೇನವ್ವಾ?"

"ಖುಷಿ ಅಂತ."

ಗಿರಿಯಪ್ಪ ಕಣ್ಣು ಮುಚ್ಚಿ ಊರಿನ ಮನೆಗಳನ್ನೆಲ್ಲ ಒಂದೊಂದಾಗಿ ದಾಟಿ ಬಂದ. ಆ ಹೆಸರಿನ ದೇವರೂ ಇರಲಿಲ್ಲ, ನೆಂಟರೂ ಇರಲಿಲ್ಲ, ದನವೂ ಇರಲಿಲ್ಲ. "ಬಿಡು," ಎಂದು ಹಸಿರು ತೋರಿಸಿದ.

ಷಣ್ಮುಖಪ್ಪ ಸ್ಕೂಲಿಗೆ ಓಡಿದ. ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದ. ಸುಲೋಚನಮ್ಮ ರಿಜಿಸ್ಟರು ತೆರೆದು, ಅಳತೆಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ 'ದೇವೀರಪ್ಪ'ನ ಮೇಲೆ ಉದ್ದಕ್ಕೆ ಗೀಟು ಎಳೆದರು. ಪಟ್ಟಿ ಜಾರಿ ಗೀಟು ಸ್ವಲ್ಪ ಸೊಟ್ಟಾಯಿತು. ಷಣ್ಮುಖಪ್ಪ ಯಾಕೋ ಮುಖ ತಿರುಗಿಸಿಕೊಂಡ. ಅಪ್ಪನನ್ನು ಮಣ್ಣಿಗಿಟ್ಟ ದಿನವೂ ಹೀಗೆ ಮಾಡಿರಲಿಲ್ಲ.

ಹಿಂತಿರುಗುವಷ್ಟರಲ್ಲಿ ತೀರ್ಥಮ್ಮ ಹಳೆಯ ದಾರ ಕಿತ್ತು ನಾಲ್ಕು ಬಟ್ಟೆಗೂ 'ಪ್ರಮೋದ' ಎಂದು ಹೊಲಿದು, ಒಂದು ಅಂಗಿಯ ಮೇಲೆ ಸಣ್ಣದೊಂದು ಹೂವನ್ನೂ ಹಾಕುತ್ತಿದ್ದಳು. ಬೆಳಿಗ್ಗೆ ನಾಲ್ಕಕ್ಷರಕ್ಕೆ ಎರಡು ಗಂಟೆ ತೆಗೆದುಕೊಂಡ ಕೈ ಇದೇನಾ ಎಂದು ಷಣ್ಮುಖಪ್ಪ ಬೆರಗಾದ. ಅಷ್ಟರಲ್ಲಿ ದೇವರ ಕೋಣೆಯ ಬಾಗಿಲು ತೆರೆಯಿತು. ಗುರುಶಾಂತಮ್ಮ ಬಾಗಿಲ ಸಂದಿಯಲ್ಲೇ ಎಲ್ಲ ಹೇಳಿ ಮುಗಿಸಿದ್ದಳು.

"ಗೀಟು ಹಾಕಿದ್ರಾ? ಅವ್ರ ಹೆಸ್ರಿನ್ ಮೇಲೆ?" ಎಂದಳು ಕಾಶಮ್ಮ.

"ಹೂಂ ಅವ್ವಾ."

"ಯಾವ್ ಶಾಯಿ?"

"ಕೆಂಪು."

ಅವಳು ಕೂಗಲಿಲ್ಲ, ಅಳಲಿಲ್ಲ. ಮಗನನ್ನು ದಾಟಿ ಹಿತ್ತಿಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತಳು. ಮೊಮ್ಮಗ ಅಲ್ಲೇ ಕರುವಿನ ಬಾಲ ಹಿಡಿದು ಜೋತಾಡುತ್ತಿದ್ದ. ಅವನನ್ನೇ ನೋಡುತ್ತ ತುಟಿ ಅಲುಗಿಸದೆ ಕೂತಳು. ಬೈಯುವ ತಾಯಿಗೆ ಒಗ್ಗಿದ್ದ ಷಣ್ಮುಖಪ್ಪ ಒಂದು ಬೈಗುಳಕ್ಕಾಗಿ ಕಾದು, ಸಿಗದೆ ಹಿಂದಕ್ಕೆ ಬಂದ.

ಜಗುಲಿಗೆ ಬಂದರೆ ಬೀದಿಯೇ ಬದಲಾಗಿತ್ತು.

"ಹೆತ್ತಪ್ಪನ ಹೆಸ್ರಿಗೆ ಕೆಂಪು ಗೀಟು ಎಳೆಸ್ದ್ಯಲ್ಲೋ!" ಎಂದ ಗಿರಿಯಪ್ಪ.

"ನೀನೇ ಅಲ್ವಾ ಗಿರಿಯಣ್ಣಾ, ಒಳ್ಳೇ ಯೋಚ್ನೆ ಅಂದಿದ್ದು?"

"ಬೇರೆ ಹೆಸ್ರು ಇಡು ಅಂದೆ. ಅಪ್ಪನ ಹೆಸ್ರು ಹೊಡೆದಾಕು ಅಂದ್ನಾ? ಯಾರಾದ್ರೂ ಹಂಗ್ ಹೇಳ್ತಾರೇನಪ್ಪಾ?"

ತಿಪ್ಪಮ್ಮ ಬೆಳಿಗ್ಗೆ ಕಟ್ಟಿಕೊಂಡು ಹೋಗಿದ್ದ ಈ ಮನೆಯ ಬಟ್ಟೆ ಗಂಟನ್ನು ತಂದು ಜಗುಲಿಗೆ ಎಸೆದಳು. "ಆ ಪುಣ್ಯಾತ್ಮ್ರ ಹೆಸ್ರು ಅಳಿಸಿದ್ ಮನೆ ಬಟ್ಟೆ ನಾನು ಮುಟ್ಟಾಕಿಲ್ಲ."

ಷಣ್ಮುಖಪ್ಪನ ಸಹನೆ ಮುಗಿಯಿತು. ಬರೆದರೆ ಬಡಿಯುವುದಿಲ್ಲವಂತೆ, ಅಳಿಸಿದರೆ ಮುಟ್ಟುವುದಿಲ್ಲವಂತೆ! ಜೀವನದಲ್ಲಿ ಮೊದಲ ಸಲ ಅವನು ಬೀದಿಗೆ ಕೇಳುವಂತೆ ಕಿರುಚಿದ: "ನಿಮ್ಗೆಲ್ಲ ಮಾನ ಮರ್ಯಾದೆ ಇದ್ಯೇನ್ರೋ? ಈ ಊರಲ್ಲಿ ಒಬ್ಬ ಮನುಷ್ಯ ತನ್ನ ಮಗನಿಗೆ ಒಂದು ಚಡ್ಡಿ ಹಾಕಂಗಿಲ್ವೇನ್ರೋ?" ಅಂಗಡಿ ಮುಂದಿನ ನಾಯಿಯೊಂದು ಎದ್ದು ಜಾಗ ಬದಲಾಯಿಸಿತು. ಗಂಟೆ ನಾಲ್ಕೂಕಾಲು.

ಅವನು ಬಟ್ಟೆಗಳನ್ನು ಕಂಕುಳಲ್ಲಿ ಒತ್ತಿಕೊಂಡು ಮೂರನೇ ಸಲ ಓಡಿದ.

ಹೆಡ್‌ಮಿಸ್ಟ್ರೆಸ್ ಕೋಣೆಯ ಬೆಂಚಿನ ಮೇಲೆ ನಾಲ್ಕು ಜನ ಅಪ್ಪಂದಿರು ಸಾಲಾಗಿ ಕೂತಿದ್ದರು. ನಾಲ್ವರ ತೊಡೆಯ ಮೇಲೂ ಒಂದೊಂದು ನೀಲಿ ಚಡ್ಡಿ. ನಾಲ್ವರೂ ತಲೆ ಕೆರೆದುಕೊಳ್ಳುತ್ತಿದ್ದರು. ಸುಲೋಚನಮ್ಮನ ಕನ್ನಡಕ ಮೇಜಿನ ಮೇಲಿತ್ತು, ತಲೆ ಕೈಗಳಲ್ಲಿತ್ತು.

"ನೀವೂ ಬಂದಿರಾ? ಮಧ್ಯಾಹ್ನದಿಂದ ಇದು ಐದನೇ ಅಜ್ಜ ಕಣ್ರೀ. ಒಬ್ಬರ ಅಜ್ಜಿ ರಸ್ತೆಗೆ ಅಡ್ಡ ಮಲಗಿದ್ದಾರಂತೆ. ನನಗೆ ಸಾಕಾಯ್ತು. ಯಾರ ಹೆಸರೂ ಬೇಡ. ಅಂಗಿಗೂ ನಂಬರು, ಚಡ್ಡಿಗೂ ನಂಬರು. ನಿಮ್ಮ ಮಗ ಹದಿನೇಳು. ನಾಳೆ ಹಾಕಿ ಕಳಿಸಿ. ಹೋಗಿ."

ಷಣ್ಮುಖಪ್ಪ ಹೋಗಲಿಲ್ಲ. ಬಟ್ಟೆಗಳನ್ನು ಎದೆಗೊತ್ತಿಕೊಂಡು ನಿಂತ. "ಹಂಗಾದ್ರೆ ಮೇಡಂ… ನಮ್ಮಪ್ಪನ ಹೆಸರು… ವಾಪಸು…"

ಸುಲೋಚನಮ್ಮ ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. ಇಪ್ಪತ್ತಾರು ವರ್ಷ ಪಾಠ ಹೇಳಿದ ಹೆಂಗಸು. ಎಂಥೆಂಥ ಮಕ್ಕಳನ್ನೋ ಕಂಡಿದ್ದರು. ಕೊನೆಗೆ ರಿಜಿಸ್ಟರು ತೆರೆದು 'ಪ್ರಮೋದ'ನ ಮೇಲೆ ಗೀಟೆಳೆದು, ಮೇಲೆ ಉಳಿದಿದ್ದ ಚೂರು ಜಾಗದಲ್ಲಿ ಇರುವೆಯಂಥ ಅಕ್ಷರಗಳಲ್ಲಿ 'ದೇವೀರಪ್ಪ' ಎಂದು ಬರೆದರು. ಅದನ್ನೇ ಒಂದು ಚೀಟಿಯಲ್ಲಿ ಬರೆದು ಮೊಹರು ಒತ್ತಿ ಕೊಟ್ಟರು. ರಿಜಿಸ್ಟರಿಗೆ ಬಟ್ಟೆ ಸುತ್ತಿ ಜವಾನನ ಕೈಗಿತ್ತರು.

"ಈ ಹೆಸರಿನ ವಿಷಯಕ್ಕೆ ಇನ್ನೊಂದು ಸಲ ಈ ಗೇಟಿನೊಳಗೆ ಕಾಲಿಟ್ಟರೆ ಸೀಟು ಹೋಯ್ತು ಅಂತ ತಿಳ್ಕೊಳ್ಳಿ. ಅರ್ಥ ಆಯ್ತೇನ್ರೀ?"

ಅರ್ಥವಾಯಿತು. ತರೀಕೆರೆ ಬಸ್ಸು ಹೊರಟು ಕಣ್ಮರೆಯಾಗುವವರೆಗೂ ಷಣ್ಮುಖಪ್ಪ ರಸ್ತೆಯಲ್ಲಿ ನಿಂತು ನೋಡಿದ. ಸೀಟು ಉಳಿಯಿತು, ಅಪ್ಪನ ಹೆಸರು ಉಳಿಯಿತು, ಕಲ್ಲಿಗೆ ಬೀಳುವುದು ಬರೀ ಹದಿನೇಳು. ಇನ್ನು ಗಿರಿಯಪ್ಪ ಏನು ಹೇಳುತ್ತಾನೋ ಹೇಳಲಿ ನೋಡೋಣ! ಎದೆಯೆತ್ತಿ ನಡೆದ.

ಬೀದಿಯ ತಿರುವಿನಲ್ಲೇ ಕೂಗು ಕೇಳಿಸಿತು.

"ಲೇ ಪ್ರಮೋದಾ! ಲೋ ಪ್ರಮೋದಾ, ಇಳೀತೀಯೋ ಇಲ್ವೋ ಕೆಳಕ್ಕೆ!"

ಕಾಶಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯ ನಟ್ಟನಡುವೆ ನಿಂತಿದ್ದಳು. ಮೊಮ್ಮಗ ಗಿರಿಯಪ್ಪನ ಹುಲ್ಲಿನ ಬಣವೆಯ ಮೇಲಿದ್ದ. ಅವಳು ಒಂದೊಂದು ಸಲ ಕೂಗಿದಾಗಲೂ ಅದು ಬೀದಿಯ ಆ ತುದಿಯವರೆಗೆ ಹೋಯಿತೇ ಎಂದು ಕೇಳಿಸಿಕೊಂಡು, ಮತ್ತೆ ಎದೆ ತುಂಬ ಉಸಿರೆಳೆದು ಕೂಗುತ್ತಿದ್ದಳು. ಹುಡುಗ ಬೆರಗಾಗಿ ಜಾರಿ ಇಳಿದ. ಅವಳು ರಟ್ಟೆ ಹಿಡಿದು ಅಂಡಿನ ಮೇಲೆ ಒಂದು ಬಿಟ್ಟಳು. ಪೆಟ್ಟು ಏನೆಂದು ಮೊದಲ ಸಲ ತಿಳಿದ ಹುಡುಗ ಅಳುವುದನ್ನೇ ಮರೆತ. ಬಾಗಿಲಲ್ಲಿ ತೀರ್ಥಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

"ಅವ್ವಾ!" ಷಣ್ಮುಖಪ್ಪ ಚೀಟಿ ಮುಂದೆ ಹಿಡಿದ. "ಗೀಟು ಹೋಯ್ತು. ಅಪ್ಪನ ಹೆಸ್ರು ವಾಪಸ್ ಬರೆಸ್ಕೊಂಡ್ ಬಂದಿದೀನಿ. ಬಟ್ಟೆ ಮೇಲೆ ಬರೀ ನಂಬರು. ನಾಳೆಯಿಂದ ಇವ್ನು ಮತ್ತೆ ದೇವೀರಪ್ಪ."

ಕಾಶಮ್ಮನ ಮುಖ ಇಳಿಯಿತು.

"ಯಾರೋ ನಿಂಗೆ ಹೇಳಿದ್ದು, ವಾಪಸ್ ಬರೆಸು ಅಂತ?"

"ನೀನು ಮಾತಿಲ್ದೆ ಬಾವಿ ಕಟ್ಟೆ ಮೇಲೆ ಕೂತಿದ್ದೆಯಲ್ಲವ್ವಾ!"

"ಆ ಹೊಸ ಹೆಸ್ರು ನನ್ ನಾಲಿಗೇಲಿ ತಿರುಗ್ತದೋ ಇಲ್ವೋ ಅಂತ ಮನ್ಸಲ್ಲೇ ಹೇಳ್ಕಂಡು ನೋಡ್ತಿದ್ದೆ ಕಣೋ!" ಅವಳ ದನಿ ಏರಿತು. "ನಲವತ್ ವರ್ಷ ಅವ್ರನ್ನ ಇಗಾ ಅಂದೆ, ಕೇಳುಸ್ತಾ ಅಂದೆ. ಆಮೇಲೆ ಐದ್ ವರ್ಷದಿಂದ ಈ ಮುಂಡೇದುನ್ನ ಬನ್ನಿ, ಹೋಗಿ, ಇಳೀರಿ. ಬೆಲ್ಲ ಕದ್ರೂ ಬನ್ನಿ, ನನ್ ಜಡೆ ಹಿಡ್ದು ಎಳುದ್ರೂ ಬಿಡಿ! ಬಯ್ಯಂಗಿಲ್ಲ, ಹೊಡಿಯಂಗಿಲ್ಲ. ನಿನ್ನೊಬ್ಬುನ್ನ ಬಿಟ್ರೆ, ಹುಟ್ಟಿದ್ ಮೇಲೆ ಇವತ್ತೇ ಕಣೋ ನಾನು ನಮ್ ಮನೆ ಗಂಡಸೊಬ್ಬುನ್ನ ಬಾಯ್ತುಂಬ ಹೆಸರಿಡ್ದು ಕೂಗಿದ್ದು. ಗಂಟ್ಲು ಎಷ್ಟ್ ಹಗುರಾಗಿದೆ ಗೊತ್ತೇನೋ?"

"ಬಸ್ ಹೋಯ್ತವ್ವಾ," ಷಣ್ಮುಖಪ್ಪನ ದನಿ ಅರ್ಧಕ್ಕೆ ಇಳಿಯಿತು. "ರಿಜಿಸ್ಟರು ತರೀಕೆರೆಗೆ ಹೋಯ್ತು. ಮತ್ತೆ ಕೇಳಕ್ಕೋದ್ರೆ ಸೀಟೇ ಇಲ್ಲ ಅಂದವ್ರೆ. ಹಿಡಿ ಅವ್ವಾ, ಅಪ್ಪನ ಹೆಸ್ರು. ದೇವ್ರ ಮುಂದಿಡು."

ಕಾಶಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ," ಎಂದಳು. "ನಂಗ್ ಬ್ಯಾಡ ಅಂದ್ರೆ ಬ್ಯಾಡ."